ಎಂಟು ಹತ್ತರ ಬಸ್ಸಿನ ಎರಡು ನಿಮಿಷ

ಅವರಿಗೆ ಊರಿಗೊಂದು ಹೆಸರಿತ್ತು. ಪುಂಜಾಲಕಟ್ಟೆಯಲ್ಲಿ ಅವರು ಆರು ಐವತ್ತು. ಬಂಟ್ವಾಳದಲ್ಲಿ ಏಳೂವರೆ, ಸಿದ್ಧಕಟ್ಟೆಯಲ್ಲಿ ಎಂಟು ಹತ್ತು, ಮೂಡುಬಿದಿರೆಗೆ ತಲುಪಿದಾಗ ಎಂಟು ನಲವತ್ತು. ನಮ್ಮ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರುಗಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಇರುತ್ತದೆ. ಉಳಿದಂತೆ ಬಸ್ಸಿನ ಹೊತ್ತೇ ಅವರ ಹೆಸರು. “ಎಂಟು ಹತ್ತು ಹೋಯ್ತಾ?” ಎಂದು ಓಡಿ ಬಂದವರು ಕೇಳುತ್ತಾರೆ. “ಈಗಷ್ಟೇ ಹೋದ. ಎಂಟು ಹದಿನೈದು ಬರ್ತಾನೆ” ಎಂದು ಜಗಲಿಯಲ್ಲಿ ಕುಳಿತವರು ಹೇಳುತ್ತಾರೆ. ಹೋದದ್ದು ಬಸ್ಸೋ ಮನುಷ್ಯನೋ ಎಂದು ಯಾರೂ ಬಿಡಿಸಿ ಕೇಳುವುದಿಲ್ಲ.

ಬೆಳ್ತಂಗಡಿಯಿಂದ ಹೊರಟು ಪುಂಜಾಲಕಟ್ಟೆ, ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ, ವೇಣೂರು, ಮತ್ತೆ ಬೆಳ್ತಂಗಡಿ. ಹೀಗೆ ಮೂರು ತಾಲೂಕಿನ ತ್ರಿಕೋನವನ್ನು ದಿನಕ್ಕೆ ಮೂರು ಬಾರಿ ಸುತ್ತುವ ಬಸ್ಸು ಅದು. ಕಾಲೇಜಿನ ಮೂರು ವರ್ಷ ನಾನು ಪುಂಜಾಲಕಟ್ಟೆಯಲ್ಲಿ ಹತ್ತಿ, ಬಂಟ್ವಾಳ ಸುತ್ತಿ, ಮೂಡುಬಿದಿರೆಯಲ್ಲಿ ಇಳಿದವಳು. ಅಂದರೆ ಬೆಳಗಿನ ಸುಮಾರು ಎರಡು ಗಂಟೆ ಅವರ ವಶದಲ್ಲಿದ್ದವಳು. ಕಳೆದ ತಿಂಗಳು ಅವರು ಬಸ್ಸಿನಿಂದ ಇಳಿದರು, ಈ ಬಾರಿ ಶಾಶ್ವತವಾಗಿ. ಈಗ ಅಳದಂಗಡಿ ಹತ್ತಿರದ ಮನೆಯಲ್ಲಿ ತರಕಾರಿ ಸಾಲು ನೋಡಿಕೊಂಡಿದ್ದಾರಂತೆ. ಬದನೆ ಗಿಡಗಳಿಗೂ “ಸ್ವಲ್ಪ ಒಳಗೆ ಹೋಗಿ” ಅನ್ನುತ್ತಿರಬಹುದು.

ಅವರು ಕಂಬಿ ಹಿಡಿಯುತ್ತಿರಲಿಲ್ಲ. ಇದನ್ನು ಮೊದಲು ಹೇಳಬೇಕು. ಸಂಗಬೆಟ್ಟಿನ ತಿರುವಿನಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುವಾಗ ಅವರು ನಡುದಾರಿಯಲ್ಲಿ ಬರಿಗಾಲೂರಿ ನಿಂತು ಟಿಕೆಟು ಹರಿಯುತ್ತಿದ್ದರು. ಚಪ್ಪಲಿ ಡ್ರೈವರ್ ಸೀಟಿನ ಹಿಂದೆ. “ಕಾಲಿಗೆ ರಸ್ತೆ ಗೊತ್ತಾಗಬೇಕು” ಎಂಬುದು ಅವರ ಸಿದ್ಧಾಂತ. ಬಸ್ಸು ತುಂಬಿ ಉಸಿರಾಡಲು ಜಾಗವಿಲ್ಲದಿದ್ದರೂ “ಹಿಂದೆ ಹೋಗಿ, ಹಿಂದೆ ಕಂಬಳದ ಕೋಣ ಓಡಿಸುವಷ್ಟು ಜಾಗ ಉಂಟು” ಎನ್ನುತ್ತಿದ್ದರು. ಹಿಂದೆ ಹೋದವರು ಜಾಗ ಇಲ್ಲವೆಂದು ಬೈದರೆ, “ಹಾಗಾದ್ರೆ ಕೋಣ ನೀವೇ ಮೊದಲು ಗದ್ದೆಗಿಳಿಸಿದ್ದಾ?” ಎನ್ನುತ್ತಿದ್ದರು. ಬೈದವರೇ ನಗುತ್ತಿದ್ದರು. ಬಸ್ಸಿನ ಉಳಿದೆಲ್ಲರ ಜೊತೆ ತುಳು. ನನ್ನೊಡನೆ ಮಾತ್ರ ಕನ್ನಡ, ಅದೂ ಬೇಕೆಂದೇ ಬಿಡಿಸಿ ಬಿಡಿಸಿ ಆಡುವ ಕನ್ನಡ.

“ನೀನು ಡಿಬೇಟಿನವಳಲ್ವಾ ಲಾಯರಮ್ಮ, ನಿನ್ನ ಹತ್ತಿರ ತುಳುವಿನಲ್ಲಿ ಸೋತರೆ ನನಗೆ ಮರ್ಯಾದೆ ಅಲ್ಲ.”

ನಾನು ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಪರವಾಗಿ ಮಾತಾಡು ಎಂದರೆ ಪರ, ವಿರುದ್ಧ ಎಂದರೆ ವಿರುದ್ಧ. ಎರಡಕ್ಕೂ ನಾಲ್ಕು ನಿಮಿಷ, ಕೊನೆಗೆ ಗಂಟೆ. ಇದರಿಂದ ಬರುವ ಒಂದು ರೋಗವೆಂದರೆ, ಯಾರು ಏನು ಹೇಳಿದರೂ “ಆಧಾರವೇನು?” ಎಂದು ಕೇಳುವ ಚಟ. ಮನೆಯಲ್ಲಿ ಈ ಚಟಕ್ಕೆ ಬೈಗುಳ ಸಿಗುತ್ತಿತ್ತು. ಬಸ್ಸಿನಲ್ಲಿ ಪ್ರತಿವಾದಿ ಸಿಕ್ಕಿದರು.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ. ಸಿದ್ಧಕಟ್ಟೆ ಬಿಟ್ಟು ಸ್ವಲ್ಪ ದೂರವಾಗಿತ್ತು. ಮುಂದಿನ ಸೀಟಿನವರಿಗೆ ಟಿಕೆಟು ಕೊಡುತ್ತಿದ್ದವರು ಇದ್ದಕ್ಕಿದ್ದಂತೆ ಕಂಬಿ ಹಿಡಿದರು. ನನಗೆ ಗಾಬರಿಯಾದದ್ದು ಅಲ್ಲಿಯೇ. ಆಮೇಲೆ ಎಡ ಸೊಂಟಕ್ಕೆ ಕೈಯೊತ್ತಿ ಮೆಟ್ಟಿಲ ಬಳಿ ಮುದುಡಿ ಕುಳಿತರು. ಮುಖದಲ್ಲಿ ಬೆವರು. ಕುಳಿತರೂ ಸುಖವಿಲ್ಲ, ಎದ್ದರೂ ಇಲ್ಲ. ಒಂದು ಬಾರಿ ಬಾನೆಟ್ಟಿಗೆ ಒರಗಿದರು, ಒಂದು ಬಾರಿ ನೆಲಕ್ಕೆ ಮೊಣಕಾಲೂರಿದರು. ಬಸ್ಸಿನಲ್ಲಿ ಒಂದು ನಿಮಿಷದೊಳಗೆ ಹನ್ನೆರಡು ಮಂದಿ ವೈದ್ಯರು ಹುಟ್ಟಿಕೊಂಡರು.

“ಗ್ಯಾಸ್ ಅದು, ಸೋಡಾ ಕುಡಿಸಿ.”

“ಅಪೆಂಡಿಕ್ಸ್. ನನ್ನ ಭಾವನಿಗೆ ಹೀಗೇ ಬಂದದ್ದು.”

“ಭಾವನಿಗೆ ಬಂದದ್ದು ಬಲಗಡೆ ಮಾರಾಯ, ಇವರು ಹಿಡಿದದ್ದು ಎಡಗಡೆ!”

ಡ್ರೈವರ್ ಬಸ್ಸು ನಿಲ್ಲಿಸಲು ಹೋದರೆ ಇವರು ನೆಲದಿಂದಲೇ ಕೂಗಿದರು: “ನಿಲ್ಲಿಸ್ಬೇಡ! ಹಿಂದೆ ಎಂಟು ಹದಿನೈದು ಉಂಟು!” ನೋವಿನಲ್ಲಿ ಮನುಷ್ಯರು ದೇವರನ್ನು ನೆನೆಯುವುದನ್ನು ಕೇಳಿದ್ದೆ. ಹಿಂದಿನ ಬಸ್ಸನ್ನು ನೆನೆದವರನ್ನು ಅಂದು ಕಂಡೆ. ಮೂಡುಬಿದಿರೆಯಲ್ಲಿ ಅವರನ್ನು ರಿಕ್ಷಾಕ್ಕೆ ಹತ್ತಿಸುವಾಗಲೂ ಟಿಕೆಟಿನ ಪುಸ್ತಕ ಕೈಯಲ್ಲೇ ಇತ್ತು.

ಎಂಟನೆಯ ದಿನ ಅವರು ಹಾಜರ್. ಶರ್ಟಿನ ಜೇಬಿನಲ್ಲಿ ಗುಳಿಗೆಯ ಪುಟ್ಟ ಡಬ್ಬಿ, ಅದರೊಳಗೆ ಒಂದು ಕಲ್ಲು. ಬೆಳ್ತಂಗಡಿಯ ಡಾಕ್ಟರು, ಮೂತ್ರವನ್ನು ಸೋಸಿ ಕಲ್ಲು ಸಿಕ್ಕರೆ ತನ್ನಿ, ಯಾವ ಜಾತಿಯದೆಂದು ನೋಡುವ ಅಂದಿದ್ದರಂತೆ. ಇವರು ಸೋಸಿದ್ದು ಚಾ ಸೋಸುವ ಜಾಲರಿಯಲ್ಲಿ. ಹೆಂಡತಿ ಜಾಲರಿಯನ್ನು ಬಾವಿಕಟ್ಟೆಯಾಚೆ ಎಸೆದು ಎರಡು ದಿನ ಮಾತು ಬಿಟ್ಟಿದ್ದರು. ಲ್ಯಾಬಿನವರು ಒಂದು ಚೂರು ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿದ್ದರು.

ಕಲ್ಲು ಸಾಸಿವೆಗಿಂತ ದೊಡ್ಡದು, ಹುರುಳಿಗಿಂತ ಚಿಕ್ಕದು. ಕಂದು ಬಣ್ಣ, ಮೈಯೆಲ್ಲ ಸಣ್ಣ ಮುಳ್ಳು. ಬಸ್ಸಿನಲ್ಲಿ ಅದು ಪ್ರಸಾದದ ಹಾಗೆ ಕೈಯಿಂದ ಕೈಗೆ ಹೋಯಿತು. ಅವರಿಗೆ ಒಂದೇ ಅವಮಾನ.

“ಇಷ್ಟು ಸಣ್ಣದಕ್ಕೆ ನಾನು ಅಷ್ಟು ಬೊಬ್ಬೆ ಹಾಕಿದ್ದಾ? ಒಂದು ಗೋಲಿಯಷ್ಟಾದರೂ ಇರ್ಬೇಕಿತ್ತು. ಮಾನ ಹೋಯ್ತು.”

ಕಲ್ಲು ಎಲ್ಲಿಂದ ಬಂತು? ಇದು ಅಂದಿನ ಚರ್ಚೆಯ ವಿಷಯ. ಮೊದಲ ವಾದ ಮಂಡಿಸಿದ್ದು ಬಸಳೆಯಜ್ಜಿ. ಶುಕ್ರವಾರದ ಸಂತೆಗೆ ಬಸಳೆಯ ಕಟ್ಟು ಹೊತ್ತು ಬರುವ, ಕಟ್ಟಿಗೇ ಒಂದು ಸೀಟು ಬೇಕೆನ್ನುವ ಹೆಂಗಸು.

“ಟೊಮೆಟೊ ಬೀಜ ಹೋಗಿ ಕೂತದ್ದು. ಇನ್ನೇನು?”

“ಅಜ್ಜಿ, ತಿಂದದ್ದು ಹೋಗುವ ದಾರಿಯೇ ಬೇರೆ, ಮೂತ್ರದ ದಾರಿಯೇ ಬೇರೆ” ಎಂದೆ. “ಬೀಜ ಆ ದಾರಿಯಿಂದ ಈ ದಾರಿಗೆ ಬರುವುದು ಹೇಗೆ?”

“ಕನೆಕ್ಷನ್ ಬಸ್ಸಿಲ್ಲ ಅಂತ ಹೇಳು” ಎಂದರು ಕಂಡಕ್ಟರು.

ಅಕ್ಕಿಯ ಕಲ್ಲು ಎಂದರು ಇನ್ನೊಬ್ಬರು. ಅದಕ್ಕೂ ಅದೇ ಉತ್ತರ. ಬೋರ್‌ವೆಲ್ ನೀರಿನ ಸುಣ್ಣ ಎಂದು ಮತ್ತೊಬ್ಬರು. ಬಚ್ಚಲಿನ ಹಂಡೆಯ ಒಳಗೆ ಬಿಳಿ ಚಿಪ್ಪು ಕಟ್ಟುವುದಿಲ್ಲವೇ, ಹಾಗೆಯೇ ಹೊಟ್ಟೆಯಲ್ಲೂ. ಇದು ಕೇಳಲು ಬಲವಾದ ವಾದ. ನಾನು ಮರುಪ್ರಶ್ನೆ ಹಾಕಿದೆ: “ಅದೇ ಬೋರ್‌ವೆಲ್ ನೀರು ಕೊಡಪಾನದಲ್ಲಿಯೂ ಇರುತ್ತದಲ್ಲ, ಅಲ್ಲಿ ಅಷ್ಟು ಚಿಪ್ಪು ಯಾಕೆ ಕಟ್ಟುವುದಿಲ್ಲ? ಹಂಡೆಯಲ್ಲಿ ನೀರು ಕಾಯುತ್ತದೆ, ಆವಿಯಾಗಿ ಕಡಿಮೆಯಾಗುತ್ತದೆ, ಅದಕ್ಕೆ. ಇವರು ಬೆಳಿಗ್ಗೆ ಆರರಿಂದ ಬೆವರಿಳಿಸುತ್ತಾರೆ, ಒಂದು ಲೋಟ ನೀರು ಕುಡಿಯುವುದಿಲ್ಲ. ಮೂತ್ರದಲ್ಲಿ ಕರಗಿ ಹೊರಗೆ ಹೋಗಬೇಕಾದ ಲವಣ ಕರಗಲು ನೀರು ಸಾಕಾಗದೆ ಹರಳು ಕಟ್ಟುತ್ತದೆ. ಒಂದು ಹರಳಿಗೆ ಇನ್ನೊಂದು ಅಂಟುತ್ತದೆ. ಅದು ಕಿಡ್ನಿಯಲ್ಲಿ ಕೂತಷ್ಟು ದಿನ ಗೊತ್ತೇ ಆಗುವುದಿಲ್ಲ. ಕೆಳಗಿನ ಸಪೂರ ನಾಳಕ್ಕೆ ಜಾರಿ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತದೆ.”

ಅವರು ತಲೆ ತುರಿಸಿಕೊಂಡರು. “ಡಾಕ್ಟ್ರು ಸಹ ಅದೇ ಹೇಳಿದ್ದು. ಆದ್ರೆ ನಾನು ಸಂಜೆ ಮನೆಗೆ ಹೋಗಿ ಎರಡು ಚೆಂಬು ಕುಡೀತೇನಲ್ಲ? ಇಡೀ ದಿನದ್ದು ಒಟ್ಟಿಗೆ?”

“ಬೆಳಿಗ್ಗೆ ಅನ್ನ ತಳ ಹಿಡಿದರೆ ಸಂಜೆ ನೀರು ಹೊಯ್ದು ಸರಿ ಮಾಡ್ತೀರಾ ಕಂಡಕ್ಟ್ರೇ?”

ಬಸ್ಸೆಲ್ಲ ಚಪ್ಪಾಳೆ. ಅಂತಹ ಚಪ್ಪಾಳೆ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿರಲಿಲ್ಲ. ಅದೇ ತಪ್ಪಾಯಿತು. ಚಪ್ಪಾಳೆ ಸಿಕ್ಕ ವಾದಿ ಅಲ್ಲಿಗೆ ನಿಲ್ಲಿಸಬೇಕು, ನಾನು ಮುಂದುವರಿದೆ. ಲ್ಯಾಬಿನ ಚೀಟಿಯಲ್ಲಿ ಕಲ್ಲು ಕ್ಯಾಲ್ಸಿಯಂ ಆಕ್ಸಲೇಟ್‌ನದ್ದು ಎಂದಿತ್ತು. ನನ್ನ ತರ್ಕ ಸರಳವಾಗಿತ್ತು. ಕಲ್ಲಿನಲ್ಲಿ ಕ್ಯಾಲ್ಸಿಯಂ ಉಂಟು, ಹಾಲು ಮೊಸರಿನಲ್ಲಿ ಕ್ಯಾಲ್ಸಿಯಂ ಉಂಟು, ಆದ್ದರಿಂದ ಹಾಲು, ಮೊಸರು, ಮಜ್ಜಿಗೆ ಬಂದ್. ಆಕ್ಸಲೇಟ್ ಎಲ್ಲಿಂದ ಎಂದು ಕೇಳಿದಾಗ ಬಸಳೆಯಂಥ ಸೊಪ್ಪಿನಲ್ಲಿ ಅದು ಜಾಸ್ತಿ ಎಂದೂ ಹೇಳಿಬಿಟ್ಟೆ.

ಬಸಳೆಯಜ್ಜಿ ಎದ್ದು ನಿಂತರು. “ಏನಂದೆ? ನನ್ನ ಬಸಳೆಗಾ? ಅರುವತ್ತು ವರ್ಷದಿಂದ ತಿಂತಾ ಇದ್ದೇನೆ, ನನ್ನ ಹೊಟ್ಟೆಯಲ್ಲಿ ಒಂದು ಮರಳಿನ ಕಣ ತೋರಿಸು ನೋಡುವ!”

“ಅಜ್ಜಿ, ಒಬ್ಬರಿಗೆ ಆಗಲಿಲ್ಲ ಎಂದರೆ ಅದು ಆಧಾರ ಅಲ್ಲ…”

“ಆಧಾರ ನಿನ್ನ ಬ್ಯಾಗಿನಲ್ಲಿ ಇಟ್ಕೋ!”

ಮುಂದಿನ ಎರಡು ಶುಕ್ರವಾರ ಅಜ್ಜಿಯ ಬಸಳೆ ಕಟ್ಟು ನನ್ನ ಕಾಲ ಮೇಲೆಯೇ ಪ್ರಯಾಣ ಮಾಡಿತು.

ಕಂಡಕ್ಟರು ಮಾತ್ರ ನನ್ನ ಮಾತನ್ನು ಪೂರ್ತಿ ನಂಬಿದರು. ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಅವರು ಕುಡಿಯುತ್ತಿದ್ದ ಎರಡು ಲೋಟ ಮಜ್ಜಿಗೆ ನಿಂತಿತು. ಇಡೀ ಹಗಲಿನಲ್ಲಿ ಅವರ ಹೊಟ್ಟೆಗೆ ಹೋಗುತ್ತಿದ್ದ ನೀರಿನಂಶ ಅದೊಂದೇ ಆಗಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಚರ್ಚೆಯಲ್ಲಿ ಎದುರಾಳಿಯ ಊಟದ ವಿವರ ಯಾರು ಕೇಳುತ್ತಾರೆ?

ಮೂರು ತಿಂಗಳ ನಂತರ ಅವರು ಮತ್ತೆ ಡಾಕ್ಟರ ಬಳಿ ಹೋಗಿ ಸ್ಕ್ಯಾನ್ ಮಾಡಿಸಿ ಬಂದರು. ಮರುದಿನ ಪುಂಜಾಲಕಟ್ಟೆಯಲ್ಲಿ ನಾನು ಹತ್ತಿದ್ದೇ ತಡ, ಬಾನೆಟ್ಟಿನ ಬಳಿ ನಿಂತು ಸಭೆ ಕರೆದರು.

“ಎಲ್ರೂ ಕೇಳಿ. ಲಾಯರಮ್ಮನ ಕೇಸು ಬಿದ್ದುಹೋಯ್ತು.”

ಅವರು ಡಾಕ್ಟರ ದನಿಯಲ್ಲಿಯೇ ಹೇಳಿದರು. ಮಜ್ಜಿಗೆ ಬಿಡಲು ಯಾರು ಹೇಳಿದ್ದು? ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಆಕ್ಸಲೇಟನ್ನು ಕರುಳಿನಲ್ಲಿಯೇ ಹಿಡಿದು ಮಲದ ದಾರಿಯಲ್ಲಿ ಹೊರಗೆ ಸಾಗಿಸುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ, ಅಲ್ಲಿ ಕಲ್ಲು ಕಟ್ಟುತ್ತದೆ. ಮೊಸರು ತಿನ್ನಿ. ಬಸಳೆಯೂ ತಿನ್ನಿ, ಹಿತಮಿತವಾಗಿ, ಜೊತೆಗೆ ಮಜ್ಜಿಗೆ ಇರಲಿ. ಕಡಿಮೆ ಮಾಡಬೇಕಾದದ್ದು ಉಪ್ಪು, ಉಪ್ಪಿನಕಾಯಿ, ಒಣಮೀನು. ನಿಮ್ಮ ತಂದೆಗೂ ಕಲ್ಲಾಗಿತ್ತು ಅಂತೀರಿ, ಆದ್ದರಿಂದ ನೀವು ಉಳಿದವರಿಗಿಂತ ಜಾಗ್ರತೆ ಇರಬೇಕು. ಎಲ್ಲಕ್ಕಿಂತ ಮೊದಲು ನೀರು, ಗಂಟೆಗೊಮ್ಮೆ, ಇಡೀ ಹಗಲು.

“ಅಂದ್ರೆ ಬಸಳೆ ಗೆದ್ದಿತು” ಎಂದರು ಅಜ್ಜಿ.

“ಬಸಳೆ ಡ್ರಾ ಆಯ್ತು ಅಜ್ಜಿ. ಗೆದ್ದದ್ದು ಮಜ್ಜಿಗೆ.”

ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವರು ಹತ್ತಿರ ಬಂದು ದನಿ ತಗ್ಗಿಸಿದರು. “ಬೇಜಾರು ಮಾಡ್ಬೇಡ ಮಗ. ನೀರಿನ ವಿಷಯದಲ್ಲಿ ನೀನು ಸರಿ ಹೇಳಿದ್ದಿ. ಒಂದು ಸರಿ, ಒಂದು ತಪ್ಪು. ನಾನಾದ್ರೆ ಟೊಮೆಟೊ ಬೀಜವನ್ನೇ ನಂಬಿದ್ದೆ.” ಎದುರಾಳಿಯ ಸರಿಯಾದ ಮಾತನ್ನು ಹೀಗೆ ಒಪ್ಪುವುದನ್ನು ನನಗೆ ಯಾವ ತರಬೇತುದಾರರೂ ಕಲಿಸಿರಲಿಲ್ಲ.

ಆ ದಿನವೇ ಅವರು ಇನ್ನೊಂದು ಸುದ್ದಿ ಹೇಳಿದರು. ಸ್ಕ್ಯಾನ್‌ನಲ್ಲಿ ಬಲಗಡೆ ಒಂದು ಸಣ್ಣ ಕಲ್ಲು ಕಂಡಿದೆ. ಹೀಗೆಯೇ ನಡೆದರೆ ಮುಂದಿನ ಬಾರಿ ಚಾ ಜಾಲರಿ ಸಾಲದು, ಆಪರೇಷನ್ನೇ. ನೀರು ಕುಡಿಯಲು ಅವರಿಗೇನೂ ಅಡ್ಡಿಯಿರಲಿಲ್ಲ. ಕುಡಿದ ಮೇಲೆ ಹೋಗುವುದೆಲ್ಲಿ?

ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ನಮ್ಮ ರಸ್ತೆಯಲ್ಲಿ ಬಸ್ಸಿಗೆ ಬಸ್ಸು ಐದು ನಿಮಿಷದ ಅಂತರ. ಎಂಟು ಹತ್ತರ ಬಸ್ಸು ಎಂಟು ಹನ್ನೆರಡರವರೆಗೆ ನಿಂತರೆ ಆ ಎರಡು ನಿಮಿಷದಲ್ಲಿ ಬಂದ ಜನವೆಲ್ಲ ಅದಕ್ಕೇ ಹತ್ತುತ್ತಾರೆ, ಎಂಟು ಹದಿನೈದು ಖಾಲಿ ಓಡುತ್ತದೆ. ಆದ್ದರಿಂದ ನಿಲ್ಲುವಂತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ನಾಲ್ಕು ನಿಮಿಷ ಕೂಗಿ ಜನ ಸೇರಿಸಲಿಕ್ಕೆ. ಹೀಗಾಗಿ ಕಂಡಕ್ಟರುಗಳು ಬೆಳಿಗ್ಗೆ ಗಂಜಿ ಉಂಡು ಬಾಯಿಗೆ ಬೀಗ ಹಾಕುತ್ತಾರೆ. ಇದನ್ನು ಯಾರೂ ನಿಯಮ ಎಂದು ಬರೆದಿಲ್ಲ. ಹಳಬರು ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಅದು: ಬಸ್ಸಿನಲ್ಲಿ ನೀರು ಮುಟ್ಟಬೇಡ.

ಬಸ್ಸಿನ ಯಜಮಾನರು ಕೆಟ್ಟವರಲ್ಲ. “ಆಫೀಸಿನಲ್ಲಿ ಕೂತ್ಕೊಳ್ಳಿ, ಟ್ರಿಪ್‌ಶೀಟ್ ಬರೀರಿ, ಪಕ್ಕದಲ್ಲೇ ಬಾತ್‌ರೂಮ್ ಉಂಟು” ಎಂದಿದ್ದರು. ಅದನ್ನು ನನಗೆ ಹೇಳುವಾಗ ಕಂಡಕ್ಟರ ಮುಖ ಕಲ್ಲಿನ ನೋವಿನ ದಿನಕ್ಕಿಂತ ಸಣ್ಣದಾಗಿತ್ತು. “ಕುರ್ಚಿಯಲ್ಲಿ ಕೂತು ನಾನು ಯಾರಿಗೆ ಹಿಂದೆ ಹೋಗಿ ಅನ್ನುವುದು ಲಾಯರಮ್ಮ? ಗೋಡೆಗಾ?” ನಿವೃತ್ತಿಗೆ ಎರಡು ವರ್ಷವಿತ್ತು. ಆ ಎರಡು ವರ್ಷ ಬಸ್ಸಿನಲ್ಲಿರಬೇಕಾದರೆ ಸಿದ್ಧಕಟ್ಟೆಯಲ್ಲಿ ಎರಡು ನಿಮಿಷ ಬೇಕು. ಅದನ್ನು ಕೊಡಬೇಕಾದವನು ಎಂಟು ಹದಿನೈದು.

ಎಂಟು ಹದಿನೈದು ಎಂದರೆ ಸಪೂರ ದೇಹದ, ದಪ್ಪ ಮೀಸೆಯ, ನಲವತ್ತರ ಆಸುಪಾಸಿನ ಕಂಡಕ್ಟರ್. ಇಬ್ಬರೂ ಹದಿನೈದು ವರ್ಷಗಳಿಂದ ಒಬ್ಬರನ್ನೊಬ್ಬರು ಬೈದುಕೊಂಡೇ ಬದುಕಿದವರು. ಒಂದು ಭಾನುವಾರ ಸಿದ್ಧಕಟ್ಟೆಯ ಹೋಟೆಲಿನ ಜಗಲಿಯಲ್ಲಿ ಮಾತುಕತೆ ಎಂದಾಯಿತು. ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೊತ್ತು ನೋಡುವ ಟೈಮ್‌ಕೀಪರ್ ಬರುತ್ತಾರೆ, ಎಂಟು ಹದಿನೈದು ಬರುತ್ತಾನೆ. ನಾನು ಹಿಂದಿನ ದಿನ ಕೂತು ಭಾಷಣ ಬರೆದುಕೊಟ್ಟೆ. ಮಾನವೀಯತೆ, ಕಾರ್ಮಿಕರ ಹಕ್ಕು, ಪ್ರಯಾಣಿಕರ ಸುರಕ್ಷತೆ. ಕೊನೆಗೆ ಎದುರಾಳಿಯ ಆಕ್ಷೇಪಗಳಿಗೆ ಮುಂಗಡ ಉತ್ತರ. ಅವರು ಮಡಚಿ ಜೇಬಿಗೆ ಹಾಕಿಕೊಂಡರು. ನಾನೂ ಹೋದೆ, ಬನ್ಸ್ ತಿನ್ನುವ ನೆಪದಲ್ಲಿ ಪಕ್ಕದ ಮೇಜಿನಲ್ಲಿ ಕುಳಿತೆ.

ಎಂಟು ಹದಿನೈದು ಬರುವಾಗಲೇ ಬಿಸಿಯಾಗಿದ್ದ. “ಮೂತ್ರಕ್ಕೆ ಅಂತ ನಿಲ್ತೀರಿ, ನನ್ನ ಹತ್ತು ಜನ ಹತ್ತಿಸ್ಕೊಂಡು ಹೋಗ್ತೀರಿ. ಈ ನಾಟಕ ನಾನು ನೋಡದ್ದಾ?”

ಭಾಷಣ ಹೊರಗೆ ಬರಲಿಲ್ಲ. ಕಂಡಕ್ಟರು ಚಾ ಲೋಟ ಕೆಳಗಿಟ್ಟು ಹೇಳಿದರು: “ಬಾಗಿಲು ಹಾಕ್ತೇನೆ.”

“ಏನು?”

“ಎರಡು ನಿಮಿಷ ಬಾಗಿಲು ಹಾಕಿ ಚಿಲಕ ಹಾಕ್ತೇನೆ. ಒಂದು ನರಪಿಳ್ಳೆಯನ್ನೂ ಹತ್ತಿಸುವುದಿಲ್ಲ. ಆ ಹೊತ್ತಿಗೆ ಬಂದವರೆಲ್ಲ ನಿನ್ನವರು.”

ಆಮೇಲೆ ಡಬ್ಬಿ ತೆಗೆದು ಕಲ್ಲನ್ನು ಅವನ ಅಂಗೈಗೆ ಸುರಿದರು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಬೆರಳಿನಿಂದ ಮುಟ್ಟಿದ. ನಾನು ಬನ್ಸ್ ಅಗಿಯುವುದನ್ನು ನಿಲ್ಲಿಸಿದ್ದೆ.

“ನನ್ನದು ಇದಕ್ಕಿಂತ ದೊಡ್ಡದಿತ್ತು” ಎಂದ.

“ನಿನಗೂ ಬಂದಿತ್ತಾ?”

“ಎರಡು ಸಲ.”

“ಕಳ್ಳ! ಹೇಳಲೇ ಇಲ್ಲ!”

“ನಿಮಗೆ ಹೇಳಿದ್ರೆ ಮೂರು ತಾಲೂಕಿಗೆ ಟಿಕೆಟು ಹರಿದು ಹಂಚ್ತಿದ್ರಿ.” ಅವನ ಮೀಸೆಯಡಿಯಲ್ಲಿ ನಗು ಬಂದಿತ್ತು. “ಬಿಯರ್ ಕುಡಿದ್ರೆ ಹೋಗ್ತದೆ ಅಂದ್ರು. ಕುಡಿದೆ. ಕಲ್ಲು ಹೋಗ್ಲಿಲ್ಲ, ಹೆಂಡತಿ ತವರಿಗೆ ಹೋದಳು.”

ಟೈಮ್‌ಕೀಪರ್ ಮೇಜು ಕುಟ್ಟಿ ನಕ್ಕರು. ಹತ್ತು ನಿಮಿಷದಲ್ಲಿ ತೀರ್ಮಾನವಾಯಿತು: ಎಂಟು ಹತ್ತಕ್ಕೂ ಎರಡು ನಿಮಿಷ, ಎಂಟು ಹದಿನೈದಕ್ಕೂ ಎರಡು ನಿಮಿಷ, ಇಬ್ಬರದ್ದೂ ಬಾಗಿಲು ಬಂದ್. ನನ್ನ ಭಾಷಣದ ಮುಂಗಡ ಉತ್ತರಗಳು ಇಂದಿಗೂ ಯಾರ ಉಪಯೋಗಕ್ಕೂ ಬಂದಿಲ್ಲ.

ಸೋಮವಾರ ಅವರು ಎರಡು ಲೀಟರಿನ ಬಾಟಲಿಯೊಂದಿಗೆ ಬಂದರು. ಬಂಟ್ವಾಳ ದಾಟುವಷ್ಟರಲ್ಲಿ ಅರ್ಧ ಮುಗಿದಿತ್ತು. ಪ್ರತಿ ಗುಟುಕಿಗೂ ಬಸ್ಸಿನವರಿಂದ ಪ್ರೋತ್ಸಾಹ. ಸಿದ್ಧಕಟ್ಟೆಗೆ ಬಂದಾಗ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಎಂಟು ಹತ್ತಾಯಿತು. ಅವರು ಇಳಿದು, ಹೊರಗಿನಿಂದ ಚಿಲಕ ಹಾಕಿ, ಹೋಟೆಲಿನ ಹಿಂದಿನ ಶೌಚಾಲಯದ ಕಡೆ ಓಡಿದರು. ಬಸ್ಸಿನೊಳಗೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಂದೂವರೆ ನಿಮಿಷಕ್ಕೆ ಹಿಂದಿರುಗಿ, ಗೆದ್ದ ಮುಖದಲ್ಲಿ ಚಿಲಕ ತೆಗೆದರು. ಅವರು ಕಾಲಿಡುವ ಮೊದಲೇ ಬಸಳೆಯಜ್ಜಿ ಮೆಟ್ಟಿಲಲ್ಲಿ ನಿಂತಿದ್ದರು.

“ಸರಿ ಆಚೆ.”

“ಅಜ್ಜಿ, ಇವತ್ತು ಸಂತೆಯೂ ಅಲ್ಲ, ಮೂಡುಬಿದಿರೆಗೆ ಮಗಳ ಮನೆಗೆ ಹೊರಟದ್ದಲ್ವಾ? ಇಲ್ಲಿ ಇಳಿದು ಎಲ್ಲಿಗೆ?”

“ನೀನು ಹೋದಲ್ಲಿಗೇ. ಕಿಡ್ನಿ ಇರುವುದು ನಿಂಗೊಬ್ಬನಿಗಾ? ಬೆಳಿಗ್ಗೆ ಆರು ಗಂಟೆಯಿಂದ ಹಿಡ್ಕೊಂಡು ಕೂತಿದ್ದೇನೆ.”

ಅಜ್ಜಿಯ ಹಿಂದೆ ಬೆಳ್ತಂಗಡಿಯಿಂದ ಬರುವ ಇಬ್ಬರು ನರ್ಸುಗಳು ಇಳಿದರು. ಅವರ ಹಿಂದೆ ಒಬ್ಬ ಟೀಚರು. ಆಮೇಲೆ ನಾಲ್ವರು ಹುಡುಗಿಯರು. ಮೂರು ತಿಂಗಳಿಂದ ನೀರಿನ ಬಗ್ಗೆ ಊರಿಗೆಲ್ಲ ಉಪದೇಶ ಮಾಡಿದ ನನ್ನ ಬ್ಯಾಗಿನಲ್ಲಿ ಬಾಟಲಿ ತುಂಬಿಯೇ ಇತ್ತು. ಮನೆಯಿಂದ ತಂದದ್ದು, ಒಂದು ಗುಟುಕೂ ಕುಡಿಯದೆ ದಿನಾ ಮನೆಗೆ ಒಯ್ಯುವುದು. ಅಮ್ಮ ಹೇಳಿಕೊಟ್ಟದ್ದು, ಅಮ್ಮನಿಗೆ ಅವಳ ಅಮ್ಮ: ಬಸ್ಸಿನಲ್ಲಿ ಹೋಗುವಾಗ ನೀರು ಕುಡಿಯಬಾರದು. ಅದಕ್ಕೆ ಆಧಾರವೇನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ನಾನೂ ಇಳಿದೆ.

ಸಾಲು ಮುಂದೆ ಹೋಗುವಷ್ಟರಲ್ಲಿ ಎಂಟು ಹದಿನೈದು ಬಂದು ಹಿಂದೆ ನಿಂತಿತು. ಮೀಸೆಯವ ಹಾರಿ ಇಳಿದ. “ಬಾಗಿಲು ಹಾಕ್ತೇನೆ ಅಂದ್ರಲ್ಲ! ಈಗ ನೋಡಿದ್ರೆ ಹತ್ತು ಜನ ಹತ್ತಿಸ್ತಾ ಇದ್ದೀರಿ!”

“ಹತ್ತುವವರಲ್ಲ, ಇಳಿದವರು” ಎಂದು ಹಿಂದಿರುಗುತ್ತಿದ್ದ ಅಜ್ಜಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳಿದರು. “ನೋಡು, ನಿನ್ನ ಬಸ್ಸಿನಿಂದಲೂ ಇಳೀತಾ ಇದ್ದಾರೆ.”

ಅವನು ತಿರುಗಿ ನೋಡಿದ. ಹೌದು, ಇಳಿಯುತ್ತಿದ್ದರು. ಅವನು ಒಮ್ಮೆ ಸಾಲನ್ನು ನೋಡಿದ, ಒಮ್ಮೆ ಗಡಿಯಾರ ನೋಡಿದ, ಕೊನೆಗೆ ತಾನೂ ಹೋಟೆಲಿನ ಹಿಂದಕ್ಕೆ ನಡೆದ.

ಸಾಲಿನ ಕೊನೆಯಲ್ಲಿ ನಾನಿದ್ದೆ. ಎಂಟು ಹದಿನೇಳು. ದಿನಾ ಅವರ ಕೈಯಿಂದ “ಬೇಗ ಬೇಗ” ಎಂದು ದಬ್ಬಿಸಿಕೊಂಡ ಅಭ್ಯಾಸದಲ್ಲಿ, ಕೆಲಸ ಮುಗಿದದ್ದೇ ಓಡುತ್ತಾ ಬಂದೆ. ಕಂಡಕ್ಟರು ತೆರೆದ ಬಾಗಿಲಿಗೆ ಒರಗಿ ನಿಂತು ಬಾಟಲಿಯ ಉಳಿದ ನೀರು ಕುಡಿಯುತ್ತಿದ್ದರು. ಕುಡಿದು ಮುಗಿಸಿ, ಬಾಯಿ ಒರೆಸಿ, ಕೈ ಎತ್ತಿ ನನ್ನನ್ನು ತಡೆದರು.

“ನಿಧಾನ ಬಾ ಮಗ. ಬಸ್ಸು ಎಲ್ಲಿಗೂ ಹೋಗುವುದಿಲ್ಲ.”